ಹೋದ ಕರೆಂಟು ವಾಪಸ್ ಬರಬೇಕಲ್ವಾ?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಕೇಳ್ತಿರೋರು, ನಿದ್ದೆ ಬರ್ಲಿ ಅಂತ ಹಾಕ್ಕೊಂಡಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಒಂದು ತೂತಿನ ಬಗ್ಗೆ. ಅಲ್ಯೂಮಿನಿಯಂ ತಗಡಿನಲ್ಲಿ ಡ್ರಿಲ್ ಮಾಡಿದ, ಹೆಬ್ಬೆರಳು ತೂರುವಷ್ಟು ಅಗಲದ ಒಂದು ತೂತು. ಕೊರೆದವನು ನಾನೇ. ಅದರಿಂದ ಒಂದು ಕಾರು ಸುಟ್ಟುಹೋಗೋದ್ರಲ್ಲಿತ್ತು.

ಕಾರು ಅಂದ್ರೆ ಶೋರೂಮಿಂದ ರಿಬ್ಬನ್ ಕಟ್ಟಿ ತಂದದ್ದಲ್ಲ. ನಮ್ಮಕ್ಕ ಮನೆ ಪಕ್ಕದ ಗ್ಯಾರೇಜಿನಲ್ಲಿ ಒಂದೊಂದೇ ಬೋಲ್ಟು ಹಾಕಿ, ಎರಡು ವರ್ಷದಿಂದ ಕಟ್ಟುತ್ತಿದ್ದ ಕಾರು. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು. ಹಾಸನದವಳು, ಈಗ ಇಂಗ್ಲೆಂಡಿನ ಕೊವೆಂಟ್ರಿ ಹತ್ತಿರ ಇದ್ದಾಳೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕಳೆದ ಬೇಸಿಗೆಯಲ್ಲಿ ಐದು ವಾರ ಅವಳ ಮನೆಯಲ್ಲಿದ್ದೆ. ಲಂಡನ್ ನೋಡೋಕೆ ಅಂತ ಹೋದವನು, ಬಹುಪಾಲು ದಿನ ಟಾರ್ಚ್ ಹಿಡ್ಕೊಂಡು ಗ್ಯಾರೇಜಿನಲ್ಲೇ ಕಳೆದೆ.

ಮೊದಲು ಕಿಟ್ ಕಾರ್ ಅಂದ್ರೇನು ಅಂತ ಎರಡು ಮಾತು. ಚಾಸಿ, ಬಾಡಿ, ಸಸ್ಪೆನ್ಷನ್ ಎಲ್ಲ ಬಿಡಿಬಿಡಿಯಾಗಿ ಡಬ್ಬದಲ್ಲಿ ಬರುತ್ತೆ. ಎಂಜಿನ್, ಗೇರ್‌ಬಾಕ್ಸ್ ಬೇಕಾದ್ರೆ ಒಂದು ಹಳೇ ಕಾರು ತಂದು ಬಿಚ್ಚಿಕೊಳ್ಳೋದು. ಅಕ್ಕ ಮಾಜ್ಡಾ ಎಂಎಕ್ಸ್-5 ಒಂದನ್ನ ತಂದಿದ್ದಳು. ಬ್ರಿಟನ್ನಿನಲ್ಲಿ ಈ ಹುಚ್ಚು ಹಳೇದು, ಅದರ ಬೇರು ತೆರಿಗೆಯಲ್ಲಿದೆ. ಕಾಮರ್ಸ್ ಓದಿದವನಿಗೆ ಇದು ಕೇಳಿ ಬಹಳ ಖುಷಿಯಾಯ್ತು. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ‘ಸೆವೆನ್’ ಅನ್ನೋ ಪುಟ್ಟ ಕಾರು ತಂದಿತು. ಆಗ ಅಲ್ಲಿ ಹೊಸ ಕಾರಿಗೆ ಪರ್ಚೇಸ್ ಟ್ಯಾಕ್ಸ್ ಇತ್ತು. ಬಿಡಿಭಾಗವಾಗಿ ಕೊಂಡು ನೀವೇ ಜೋಡಿಸಿಕೊಂಡ್ರೆ ಆ ತೆರಿಗೆ ಇಲ್ಲ. ಆದ್ರೆ ಜೋಡಿಸುವ ವಿಧಾನದ ಪುಸ್ತಕ ಜೊತೆಗೆ ಕೊಡೋ ಹಾಗಿರಲಿಲ್ಲ. ಅದಕ್ಕೆ ಚಾಪ್‌ಮನ್ ಬಿಚ್ಚುವ ವಿಧಾನದ ಪುಸ್ತಕ ಕೊಟ್ಟರು, ಕೊಂಡವರು ಅದನ್ನ ಹಿಂದಿನಿಂದ ಮುಂದಕ್ಕೆ ಓದಿಕೊಂಡರು ಅಂತ ಒಂದು ಕತೆ ಆ ಕಡೆ ಎಲ್ಲರ ಬಾಯಲ್ಲೂ ಇದೆ. 1973ರಲ್ಲಿ ವ್ಯಾಟ್ ಬಂದು ಪರ್ಚೇಸ್ ಟ್ಯಾಕ್ಸ್ ಹೋಯ್ತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಅನ್ನೋ ಕಂಪನಿಗೆ ಹೋಯ್ತು, ಅವರು ಈಗಲೂ ಮಾಡ್ತಾರೆ. ಆಮೇಲೆ 1996ರಲ್ಲಿ ರಾನ್ ಚಾಂಪಿಯನ್ ಅನ್ನೋರು, ಬರೀ 250 ಪೌಂಡಿನಲ್ಲಿ ಇಂಥ ಕಾರು ಮನೆಯಲ್ಲೇ ಮಾಡಬಹುದು ಅಂತ ಒಂದು ಪುಸ್ತಕ ಬರೆದರು. ಆ ದುಡ್ಡಿಗೆ ಈಗ ನಾಲ್ಕು ಟೈರೂ ಬರಲಿಕ್ಕಿಲ್ಲ, ಅದು ಬೇರೆ ಮಾತು.

ನಮ್ಮಲ್ಲಿ ಯಾಕಿಲ್ಲ ಅಂತ ಕೇಳ್ತೀರಿ. ನಮ್ಮಲ್ಲಿ ಹೊಸ ಮಾದರಿಯ ವಾಹನ ರಸ್ತೆಗಿಳೀಬೇಕಾದ್ರೆ ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಅದರ ಮಾದರಿಯನ್ನ ಪುಣೆಯ ಎಆರ್‌ಎಐ ಥರದ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಅದು ಕಂಪನಿಗಳಿಗೆ ಅಂತ ಮಾಡಿದ ದಾರಿ, ಮನೆ ಗ್ಯಾರೇಜಿಗಲ್ಲ. ಇರೋ ಕಾರನ್ನ ಬದಲಾಯಿಸೋಣ ಅಂದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಆದ್ರೂ ಈ ಸಂಚಿಕೆ ಬೇಡ ಅಂತ ಸ್ಕಿಪ್ ಮಾಡ್ಬೇಡಿ. ಜೆ.ಸಿ. ರಸ್ತೆಗೆ ಹೋಗಿ ಬುಲೆಟ್ಟಿಗೆ ಎಕ್ಸ್‌ಟ್ರಾ ಲೈಟು, ಕಾರಿಗೆ ಜೋಡಿ ಹಾರ್ನು, ಡ್ಯಾಶ್‌ಕ್ಯಾಮ್ ಅಂತ ಹಾಕಿಸ್ಕೊಂಡು ಬಂದಿದ್ದೀರಲ್ಲ, ನಿಮ್ಮ ಗಾಡಿಯಲ್ಲೂ ಅಕ್ಕನ ಕಾರಿನ ಕತೆಯೇ ಒಂದು ಮೂಲೆಯಲ್ಲಿ ನಡೀತಿದೆ.

ನಾನು ಹೋದಾಗ ಕಾರಿಗೆ ಚಕ್ರ ಇತ್ತು, ಎಂಜಿನ್ ಕೂತಿತ್ತು, ಫೈಬರ್ ಗ್ಲಾಸಿನ ಮೂತಿ ಇತ್ತು. ವೈರಿಂಗ್ ಮಾತ್ರ ಬಾಕಿ. ವೈರ್‌ಗಳ ಆ ಇಡೀ ಕಟ್ಟಿಗೆ ನಮ್ಮ ಮೆಕ್ಯಾನಿಕ್‌ಗಳು ಹಾರ್ನೆಸ್ ಅಂತಾರೆ. ಇಂಗ್ಲೆಂಡಿನವರು ಲೂಮ್ ಅಂತಾರೆ. ಲೂಮ್ ಅಂದ್ರೆ ಮಗ್ಗ! ಡಬ್ಬ ಬಿಚ್ಚಿದಾಗ ನನಗೆ ಕಂಡದ್ದೂ ಅದೇ, ಬಣ್ಣಬಣ್ಣದ ನೂಲು ಬೇರ್ಪಡಿಸಿ ಇಟ್ಟ ಹಾಗೆ. ಒಂದೊಂದು ತುದಿಗೂ ಸಣ್ಣ ಚೀಟಿ ಅಂಟಿಸಿತ್ತು.

ಬಣ್ಣದಲ್ಲೇ ನಾನು ಮೊದಲು ಎಡವಿದ್ದು. ನಮ್ಮ ಮನೆ ವೈರಿಂಗಲ್ಲಿ ಹಸಿರು ಅಂದ್ರೆ ಅರ್ಥಿಂಗ್, ಕಪ್ಪು ಅಂದ್ರೆ ನ್ಯೂಟ್ರಲ್, ಇದು ಎಲ್ಲರಿಗೂ ಗೊತ್ತು. ಬ್ರಿಟಿಷ್ ಕಾರುಗಳ ಹಳೇ ಪದ್ಧತಿಯಲ್ಲಿ ಕಪ್ಪು ಅರ್ಥಿಂಗ್. ಹಸಿರು ಅಂದ್ರೆ ಕೀ ತಿರುಗಿಸಿದ ಮೇಲೆ ಫ್ಯೂಸ್ ದಾಟಿ ಬರೋ ಜೀವಂತ ಕರೆಂಟು. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬರೋದು, ಅದಕ್ಕೆ ಕೀ ಇಲ್ಲ, ಫ್ಯೂಸಿಲ್ಲ, ಹಗಲು ರಾತ್ರಿ ಎಚ್ಚರವಾಗೇ ಇರುತ್ತೆ. ಈ ಕಂದು ವೈರನ್ನ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ. ಹೆಡ್‌ಲೈಟಿಗೆ ನೀಲಿ, ಪಾರ್ಕಿಂಗ್ ದೀಪಕ್ಕೆ ಕೆಂಪು. ಹಸಿರಿನ ಮೇಲೆ ಬಿಳಿ ಗೆರೆ ಇದ್ರೆ ಬಲಗಡೆ ಇಂಡಿಕೇಟರ್, ಕೆಂಪು ಗೆರೆ ಇದ್ರೆ ಎಡಗಡೆ. ಮೊದಲ ದಿನವೇ ನಾನು ಒಂದು ಹಸಿರು ವೈರನ್ನ ಅಭ್ಯಾಸಬಲದಿಂದ ಚಾಸಿಗೆ ಬಿಗಿಯೋಕೆ ಹೊರಟಿದ್ದೆ. ಅಕ್ಕ ಕೈ ಹಿಡಿದು, ‘ಲೋ, ಇದು ಹಾಸನದ ಮನೆ ಅಲ್ಲ ಕಣೋ’ ಅಂದ್ಲು.

ಆಮೇಲೆ ನನಗೆ ಅರ್ಥವಾಗೋ ಭಾಷೆಯಲ್ಲೇ ಹೇಳಿಕೊಟ್ಟಳು. ‘ನಿನ್ನ ಲೆಡ್ಜರ್ ಥರ ನೋಡು. ಒಂದು ಕಡೆ ಡೆಬಿಟ್ ಬರೆದ್ರೆ ಇನ್ನೊಂದು ಕಡೆ ಕ್ರೆಡಿಟ್ ಬೇಕಲ್ವಾ? ಬ್ಯಾಟರಿಯ ಪ್ಲಸ್ಸಿಂದ ಬಲ್ಬಿಗೆ ಹೋದ ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸ್ ಬರ್ಬೇಕು. ಹೋಗೋ ದಾರಿಗೆ ಎಲ್ಲರೂ ತಲೆ ಕೆಡಿಸ್ಕೊಳ್ತಾರೆ. ಬರೋ ದಾರಿನ ಯಾರೂ ನೋಡಲ್ಲ.’

ಕಂಪನಿಯಲ್ಲಿ ಮಾಡಿದ ಕಬ್ಬಿಣದ ಬಾಡಿ ಇರೋ ಕಾರಿನಲ್ಲಿ ಈ ವಾಪಸ್ ದಾರಿಗೆ ಹೆಚ್ಚು ವೈರ್ ಬೇಕಿಲ್ಲ. ಇಡೀ ಬಾಡಿಯೇ ಮೈನಸ್. ದೀಪದ ಒಂದು ತುದಿಯನ್ನ ಹತ್ತಿರದ ಲೋಹಕ್ಕೆ ಬಿಗಿದ್ರೆ ಕರೆಂಟು ಬಾಡಿಯ ಮೂಲಕವೇ ಮನೆಗೆ ಹೋಗುತ್ತೆ. ಕಿಟ್ ಕಾರಿನ ಮೂತಿ, ಮಡ್‌ಗಾರ್ಡು ಎಲ್ಲ ಫೈಬರ್ ಗ್ಲಾಸು. ಅದರಲ್ಲಿ ಕರೆಂಟು ಹರಿಯೋದೇ ಇಲ್ಲ. ಹಾಗಾಗಿ ಒಂದೊಂದು ದೀಪಕ್ಕೂ ಹೋಗೋಕೊಂದು, ಬರೋಕೊಂದು ವೈರ್ ಎಳೀಬೇಕು. ಮಧ್ಯೆ ಒಂದು ಸಣ್ಣ ಹೆಮ್ಮೆಯ ಮಾತು ಹೇಳಿಬಿಡ್ತೀನಿ: ನಮ್ಮ ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ಇತ್ತಲ್ಲ, 2001ರಲ್ಲಿ ರಸ್ತೆಗೆ ಬಂದ ಆ ಪುಟ್ಟ ಎಲೆಕ್ಟ್ರಿಕ್ ಕಾರು, ಅದೂ ಉಕ್ಕಿನ ಕೊಳವೆಗಳ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿದ ಕಾರೇ. ಲಂಡನ್ನಿನಲ್ಲಿ ಅದು ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತಿತ್ತು. ಅಕ್ಕನ ಪಕ್ಕದ ಮನೆಯ ಅಜ್ಜನಿಗೂ ಅದು ನೆನಪಿದೆ.

ಇನ್ನು ಫ್ಯೂಸು. ಇದರ ಬಗ್ಗೆ ನನ್ನ ತಿಳಿವಳಿಕೆ ಪೂರ್ತಿ ತಪ್ಪಿತ್ತು. ಫ್ಯೂಸ್ ಇರೋದು ಹೆಡ್‌ಲೈಟ್ ಕಾಪಾಡೋಕೆ, ಮ್ಯೂಸಿಕ್ ಸಿಸ್ಟಮ್ ಕಾಪಾಡೋಕೆ ಅಂದ್ಕೊಂಡಿದ್ದೆ. ಅಲ್ಲ. ಫ್ಯೂಸ್ ಕಾಪಾಡೋದು ವೈರನ್ನ. ಲೆಕ್ಕ ನೋಡಿ: 55 ವ್ಯಾಟಿನ ಒಂದು ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತೆ, ಎರಡು ಸೇರಿದ್ರೆ 9ಕ್ಕಿಂತ ಸ್ವಲ್ಪ ಹೆಚ್ಚು. ಒಂದು ಚದರ ಮಿಲಿಮೀಟರ್ ದಪ್ಪದ ಕಾರ್ ವೈರು, ಅಲ್ಲಿ ಸಿಗೋ ಥಿನ್‌ವಾಲ್ ಅನ್ನೋ ಬಗೆಯದ್ದು, 16 ಆಂಪಿಯರ್‌ವರೆಗೂ ತಡೆಯುತ್ತೆ. ಆ ವೈರಿಗೆ 15ರ ಫ್ಯೂಸ್ ಹಾಕಿದ್ರೆ ಸರಿ. ಪದೇ ಪದೇ ಸುಡ್ತಿದೆ ಅಂತ 30ರ ಫ್ಯೂಸ್ ಹಾಕಿದ್ರೆ ಏನಾಗುತ್ತೆ? ಫ್ಯೂಸ್ ಉಳಿಯುತ್ತೆ, ವೈರೇ ಫ್ಯೂಸಾಗುತ್ತೆ. ಫ್ಯೂಸ್ ಸುಟ್ಟಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕೋ ಮಹಾನುಭಾವರು ನಮ್ಮಲ್ಲಿ ಕಮ್ಮಿ ಏನಿಲ್ಲ. ನಮ್ಮಪ್ಪನೂ ಒಂದ್ಸಲ ಹಾಕಿದ್ದಾರೆ.

ಮತ್ತೆ, 12 ವೋಲ್ಟ್ ಅಲ್ವಾ, ಶಾಕ್ ಹೊಡೆಯಲ್ಲ ಅಂತ ಒಂದು ಧೈರ್ಯ ನಮಗೆಲ್ಲ ಇರುತ್ತೆ. ಹೊಡೆಯಲ್ಲ, ನಿಜ. ಆದ್ರೆ ಸ್ಟಾರ್ಟರ್ ಮೋಟರ್ ತಿರುಗಿಸೋಕೆ ಅದೇ ಬ್ಯಾಟರಿ ನೂರಾರು ಆಂಪಿಯರ್ ಕೊಡುತ್ತೆ. ಪ್ಲಸ್ ನೇರವಾಗಿ ಮೈನಸ್ಸಿಗೆ ತಾಗಿದ್ರೆ ಅಷ್ಟೂ ಒಂದೇ ಸಲಕ್ಕೆ ನುಗ್ಗುತ್ತೆ. ಬ್ಯಾಟರಿ ಹತ್ತಿರ ಕೈ ಹಾಕೋ ಮುಂಚೆ ಉಂಗುರ, ಕಡಗ, ಲೋಹದ ವಾಚು ತೆಗೆದಿಡಿ ಅಂತ ಅಕ್ಕ ಹೇಳಿದ್ದು ಅದಕ್ಕೆ. ಸ್ಪ್ಯಾನರ್ ಕೂಡ ಹಾಗೇ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಈಗ ತೂತಿನ ವಿಷಯಕ್ಕೆ ಬರ್ತೀನಿ.

ಅಕ್ಕ ಟೆಸ್ಟಿಂಗ್ ಕೆಲಸದವಳಲ್ವಾ, ಗೋಡೆ ಮೇಲೆ ಒಂದು ಪಟ್ಟಿ ಅಂಟಿಸಿದ್ದಳು. ವೈರಿಂಗಿನ ಒಂದೊಂದು ಕೆಲಸಕ್ಕೂ ಒಂದು ಸಾಲು. ಕೆಲಸ ಮುಗಿಸಿದವರು ಸಾಲಿನ ಮುಂದೆ ಟಿಕ್ ಹಾಕಿ ಇನಿಷಿಯಲ್ ಬರೀಬೇಕು. ನನಗೆ ಬಂದ ಒಂದು ಸಾಲು ಇದು: ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವೆ ಇರೋ ಅಲ್ಯೂಮಿನಿಯಂ ಗೋಡೆಯಲ್ಲಿ ತೂತು ಕೊರೆದು, ಅಂಚನ್ನ ಅರದಿಂದ ಉಜ್ಜಿ ನಯ ಮಾಡಿ, ರಬ್ಬರ್ ಗ್ರೋಮೆಟ್ ಹಾಕಿ, ಅದರ ಮೂಲಕ ಕಂದು ವೈರ್ ತೂರಿಸೋದು. ಗ್ರೋಮೆಟ್ ಅಂದ್ರೆ ಬಳೆ ಥರದ್ದು, ತೂತಿನ ಸುತ್ತ ಕೂರುತ್ತೆ, ತಗಡಿನ ಅಂಚು ವೈರಿಗೆ ತಾಗದ ಹಾಗೆ ತಡೆಯುತ್ತೆ. ಎಣಿಸಿದ್ರೆ ಐದಾರು ರೂಪಾಯಿಯ ಮಾಲು.

ತೂತು ಕೊರೆದೆ. ಡಬ್ಬದಲ್ಲಿ ಆ ಅಳತೆಯ ಗ್ರೋಮೆಟ್ ಇರಲಿಲ್ಲ. ಆವತ್ತು ಭಾನುವಾರ, ಸಂಜೆಯಾಗಿತ್ತು, ಅಂಗಡಿ ಮುಚ್ಚಿತ್ತು. ಒಳಗಡೆ ದೊಡ್ಡಮ್ಮ ವಿಡಿಯೋ ಕಾಲಲ್ಲಿ ಬಂದು ‘ಊಟಕ್ಕೆ ಬನ್ರೋ’ ಅಂತ ಹಾಸನದಿಂದಲೇ ಕೂಗ್ತಿದ್ರು. ವೈರಿಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿದೆ, ತೂತಿನಲ್ಲಿ ತೂರಿಸಿದೆ, ನಾಳೆ ಗ್ರೋಮೆಟ್ ತಂದ್ರಾಯ್ತು ಅಂದ್ಕೊಂಡೆ. ಹೋಗಿ ಪಟ್ಟಿಯಲ್ಲಿ ಟಿಕ್ ಹಾಕಿದೆ.

ಯಾಕೆ ಹಾಕಿದೆ ಅಂತ ನೀವು ಕೇಳಬಹುದು. ಬಿ.ಕಾಂ. ಮುಗಿಸಿ ಎರಡು ವರ್ಷ ಒಂದು ಆಡಿಟ್ ಆಫೀಸಲ್ಲಿದ್ದೆ. ಮಾರ್ಚ್ ಬಂತೂ ಅಂದ್ರೆ ವೋಚರ್‌ಗಳ ರಾಶಿ, ರಾತ್ರಿ ಹತ್ತಾದ್ರೂ ಮುಗಿಯಲ್ಲ. ಮೊದಲ ಐವತ್ತು ವೋಚರ್ ನಿಜವಾಗಿ ನೋಡಿ ಟಿಕ್ ಹಾಕ್ತಿದ್ದೆ. ಆಮೇಲೆ ಪೆನ್ನು ತಾನೇ ಓಡೋದು. ಕೈಗೆ ಆ ಅಭ್ಯಾಸ ಇತ್ತು ಅಂತಷ್ಟೇ ಹೇಳಬಲ್ಲೆ. ನಾಳೆ ಮಾಡೋ ಕೆಲಸಕ್ಕೆ ಇವತ್ತೇ ಟಿಕ್. ನಾಳೆ ಬೇರೆ ಕೆಲಸ ಬಂತು. ಪಟ್ಟಿಯಲ್ಲಿ ಟಿಕ್ ಇದ್ದಿದ್ದರಿಂದ ಆ ಸಾಲನ್ನ ಯಾರೂ ಮತ್ತೆ ನೋಡಲಿಲ್ಲ, ನಾನೂ ಸೇರಿ.

ಸುಮಾರು ಹತ್ತು ದಿನ ಕಳೆದು ಎಂಜಿನ್ ಮೊದಲ ಸಲ ಸ್ಟಾರ್ಟ್ ಆಯ್ತು. ನಾನೂ ಅಕ್ಕನೂ ಮಕ್ಕಳ ಥರ ಕುಣಿದ್ವಿ. ಭಾವ ಮೊಬೈಲಲ್ಲಿ ವಿಡಿಯೋ ಮಾಡ್ತಿದ್ರು. ಇಪ್ಪತ್ತು ನಿಮಿಷ ಓಡಿಸಿ, ಬಿಸಿಯಾಗಲಿ, ಎಲ್ಲಾದ್ರೂ ನೀರು ಸೋರುತ್ತಾ ನೋಡೋಣ ಅಂತ ಬಿಟ್ವಿ. ಇಷ್ಟು ಸಣ್ಣ, ಹಗುರ ಕಾರಿನಲ್ಲಿ ಎಂಜಿನ್ ಓಡ್ತಿದ್ರೆ ಇಡೀ ಚಾಸಿ ಜಲ್ಲಡಿ ಥರ ನಡುಗುತ್ತೆ. ಉಜ್ಜಿ ನಯ ಮಾಡದ ತಗಡಿನ ಅಂಚು ಚಾಕುವಿನ ಹಾಗೆ. ಮೊದಲು ಟೇಪು ಹೋಯ್ತು, ಆಮೇಲೆ ವೈರಿನ ಪ್ಲಾಸ್ಟಿಕ್ ಹೋಯ್ತು, ಒಳಗಿನ ತಾಮ್ರ ಅಲ್ಯೂಮಿನಿಯಮ್ಮಿಗೆ ತಾಗಿತು. ಆ ತಗಡು ಚಾಸಿಗೆ ರಿವೆಟ್ ಹೊಡೆದದ್ದು, ಚಾಸಿ ಬ್ಯಾಟರಿಯ ಮೈನಸ್ಸಿಗೆ ಸೇರಿದ್ದು. ಮಧ್ಯದಲ್ಲಿ ಫ್ಯೂಸಿಲ್ಲ, ಯಾಕಂದ್ರೆ ಫ್ಯೂಸ್ ಬಾಕ್ಸ್ ಇರೋದೇ ಆ ಕಂದು ವೈರಿನ ಕೊನೆಯಲ್ಲಿ.

ಟಪ್ ಅಂತ ಒಂದು ಸದ್ದು, ಆಮೇಲೆ ಹೊಗೆ. ಪ್ಲಾಸ್ಟಿಕ್ ಸುಟ್ಟ ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಎಂಜಿನ್ ಆಫ್ ಮಾಡಿದ್ವಿ, ಹೊಗೆ ನಿಲ್ಲಲಿಲ್ಲ. ಹೇಗೆ ನಿಲ್ಲುತ್ತೆ? ಆ ವೈರಿಗೆ ಕೀ ಸಂಬಂಧವೇ ಇಲ್ಲವಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಕಡಿಯುವ ಮೇನ್ ಸ್ವಿಚ್ ಡಬ್ಬದಲ್ಲಿತ್ತು, ಇನ್ನೂ ಹಾಕಿರಲಿಲ್ಲ. ಹಿಂದುಗಡೆ ಟ್ಯಾಂಕಿನಲ್ಲಿ ಹತ್ತು ಲೀಟರ್ ಪೆಟ್ರೋಲ್. ನಾನು ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿದೆ ಅಂತ ಹುಡುಕ್ತಾ ಗ್ಯಾರೇಜಿನಲ್ಲಿ ಸುತ್ತು ಹೊಡೀತಿದ್ದೆ. ಅದು ನನ್ನ ಕಣ್ಣೆದುರಿಗೇ ಗೋಡೆ ಮೇಲಿತ್ತು. ಅಕ್ಕ ಮಾತ್ರ ಸ್ಪ್ಯಾನರ್ ತಗೊಂಡು ಬ್ಯಾಟರಿಯ ಮೈನಸ್ ಟರ್ಮಿನಲ್ ಸಡಿಲಿಸಿ ಕಿತ್ತು ಎಳೆದ್ಲು. ಆ ಕ್ಲಾಂಪು ಆಗಲೇ ಕಾದಿತ್ತು. ಅವಳ ಬಲಗೈ ಎರಡು ಬೆರಳಿನ ತುದಿ ಬೊಬ್ಬೆ ಬಂತು.

ಬೆಂಕಿ ಹತ್ತಲಿಲ್ಲ. ಅರ್ಧ ಮೀಟರ್ ವೈರು, ಪಕ್ಕದಲ್ಲಿದ್ದ ನಾಲ್ಕೈದು ವೈರು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ವು. ಅಷ್ಟೇ. ‘ಅಷ್ಟೇ’ ಅಂತ ಈಗ ಹೇಳ್ತಿದ್ದೀನಿ.

ಬೆರಳನ್ನ ತಣ್ಣೀರಿನ ನಲ್ಲಿ ಕೆಳಗೆ ಹಿಡ್ಕೊಂಡು ಅವಳು ಹೇಳಿದ ಮೊದಲ ಮಾತು, ‘ನಾನು ಎಲ್ಲೋ ತಪ್ಪು ಮಾಡಿದೀನಿ. ಪಟ್ಟಿಯಲ್ಲಿ ಎಲ್ಲಾ ಟಿಕ್ ಆಗಿದೆಯಲ್ಲ.’ ನಾನು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕರಗಿದ ಪ್ಲಾಸ್ಟಿಕ್ ತೂತಿನ ಸುತ್ತ ಮೆತ್ತಿಕೊಂಡಿತ್ತು, ಗ್ರೋಮೆಟ್ಟೂ ಅದರಲ್ಲೇ ಕರಗಿ ಹೋಗಿದೆ ಅಂತ ಯಾರಾದ್ರೂ ನಂಬಬಹುದಿತ್ತು. ಅವಳು ನಂಬಿದ್ಲು. ರಾತ್ರಿ ಹನ್ನೊಂದರವರೆಗೂ ಬ್ಯಾಂಡೇಜ್ ಕಟ್ಟಿದ ಕೈಯಲ್ಲೇ ಡಯಾಗ್ರಾಮ್ ಹಿಡ್ಕೊಂಡು ಕೂತಿದ್ಲು. ಆಲ್ಟರ್ನೇಟರ್ ತಪ್ಪಾ, ಫ್ಯೂಸ್ ಬಾಕ್ಸ್ ತಪ್ಪಾ, ಇಡೀ ಲೂಮ್ ಕಿತ್ತು ಹೊಸದು ತರಿಸಲಾ ಅಂತ ಭಾವನ ಹತ್ತಿರ ಲೆಕ್ಕ ಹಾಕ್ತಿದ್ಲು. ಹೊಸ ಲೂಮ್ ಅಂದ್ರೆ ಸಣ್ಣ ದುಡ್ಡಲ್ಲ.

ನಾನು ಮೇಲೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಬೆಳಗಿನ ಜಾವ ಕೆಳಗೆ ಬಂದ್ರೆ ಅವಳು ಟೀ ಮಾಡ್ತಿದ್ಲು. ಎಡಗೈಯಲ್ಲಿ. ‘ಅಕ್ಕಾ, ಗ್ರೋಮೆಟ್ ಹಾಕಿರಲಿಲ್ಲ ನಾನು. ಹಾಕದೆ ಟಿಕ್ ಮಾಡಿದ್ದೆ’ ಅಂದೆ. ಅವಳು ಸ್ಟೌವ್ ಆಫ್ ಮಾಡಿದ್ಲು. ಬೈತಾಳೆ ಅಂದ್ಕೊಂಡೆ. ‘ಇನ್ನೆಷ್ಟಕ್ಕೆ ಹಂಗೆ ಟಿಕ್ ಹಾಕಿದೀಯ?’ ಅಂತ ಕೇಳಿದ್ಲು. ನನಗೆ ಗೊತ್ತಿರಲಿಲ್ಲ. ಅದೇ ನಿಜವಾದ ಉತ್ತರ, ನನಗೆ ಗೊತ್ತಿರಲಿಲ್ಲ.

ನನ್ನ ಇನಿಷಿಯಲ್ ಇದ್ದ ಸಾಲುಗಳು 41. ಎರಡು ದಿನ ಕೂತು ಅವಳು ಒಂದೊಂದನ್ನೂ ತೆಗೆದು ನೋಡಿದ್ಲು, ನಾನು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿದ್ದೆ. ಇನ್ನೂ ಮೂರು ಸಿಕ್ಕವು. ಒಂದು ಕಡೆ ವೈರು ಸೈಲೆನ್ಸರ್ ಪೈಪಿಗೆ ತೀರಾ ಹತ್ತಿರ ಇತ್ತು. ಇನ್ನೊಂದು ಕಡೆ ಲಗ್ ಸರಿಯಾಗಿ ಕ್ರಿಂಪ್ ಆಗಿರಲಿಲ್ಲ, ಎಳೆದ್ರೆ ಕೈಗೇ ಬಂತು. ಮೂರನೇದನ್ನ ಆಮೇಲೆ ಹೇಳ್ತೀನಿ. ಆ ದಿನದಿಂದ ಪಟ್ಟಿಯಲ್ಲಿ ಇನ್ನೊಂದು ಕಾಲಂ ಬಂತು. ಟಿಕ್ ಹಾಕೋ ಮುಂಚೆ ಮುಗಿದ ಕೆಲಸದ ಫೋಟೋ ತೆಗೀಬೇಕು, ಫೋಟೋ ನಂಬರ್ ಬರೀಬೇಕು. ಅವಳ ಸ್ವಂತ ಕೆಲಸಕ್ಕೂ ಅದೇ ನಿಯಮ.

ಕಂದು ವೈರನ್ನ ಹೊಸದಾಗಿ ಎಳೆದ್ವಿ. ಈ ಸಲ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ, ಆ ವೈರಿನ ದಪ್ಪಕ್ಕೆ ತಕ್ಕ ದೊಡ್ಡ ಫ್ಯೂಸ್ ಬಿತ್ತು. ಫ್ಯೂಸ್ ಯಾವಾಗಲೂ ಬ್ಯಾಟರಿ ಕಡೆ ತುದಿಯಲ್ಲಿರಬೇಕು. ದೀಪದ ಕಡೆ ಹಾಕಿದ್ರೆ ಮಧ್ಯದ ವೈರನ್ನ ಕಾಯೋರು ಯಾರೂ ಇರಲ್ಲ. ನಿಮ್ಮ ಬೈಕಿನ ಎಕ್ಸ್‌ಟ್ರಾ ಲೈಟಿನ ವೈರು ಬ್ಯಾಟರಿಯಿಂದ ಹೊರಟು ಎಲ್ಲಿ ಫ್ಯೂಸ್ ಸೇರುತ್ತೆ, ಒಮ್ಮೆ ಸೀಟ್ ತೆಗೆದು ನೋಡಿ. ಸ್ಟಾರ್ಟರ್ ಮೋಟರಿಗೆ ಹೋಗೋ ದಪ್ಪ ಕೇಬಲ್ಲಿಗೆ ಮಾತ್ರ ಸಾಮಾನ್ಯವಾಗಿ ಫ್ಯೂಸ್ ಇರಲ್ಲ, ಅಷ್ಟು ಕರೆಂಟು ಅದಕ್ಕೆ ನಿಜವಾಗಿಯೇ ಬೇಕು. ಅದಕ್ಕೇ ಆ ಕೇಬಲ್ಲಿಗೆ ರಬ್ಬರು, ಕೊಳವೆ, ಕ್ಲಿಪ್ಪು ಎಲ್ಲವೂ ಡಬಲ್. ಮೇನ್ ಸ್ವಿಚ್ಚೂ ಬಂತು.

ಮತ್ತೆ ಕರೆಂಟ್ ಕೊಡೋವಾಗ ಅಕ್ಕ ಒಂದು ಉಪಾಯ ಮಾಡಿದ್ಲು, ಇದು ನನಗೆ ಬಹಳ ಇಷ್ಟವಾಯ್ತು. ಮೇನ್ ಫ್ಯೂಸ್ ಇರಬೇಕಾದ ಜಾಗದಲ್ಲಿ ಫ್ಯೂಸ್ ಬದಲು ಒಂದು 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬು ಸಿಕ್ಕಿಸಿದ್ಲು. ಎಲ್ಲಾದ್ರೂ ಶಾರ್ಟ್ ಇದ್ರೆ ಆ ಬಲ್ಬು ಪೂರ್ತಿ ಬೆಳಗುತ್ತೆ, ಆದ್ರೆ ಎರಡು ಆಂಪಿಯರ್‌ಗಿಂತ ಹೆಚ್ಚು ಹರಿಯೋಕೆ ಬಿಡಲ್ಲ. ಏನೂ ಸುಡಲ್ಲ. ಎಲ್ಲ ಸ್ವಿಚ್ಚೂ ಆಫ್ ಇದ್ದು ಬಲ್ಬು ಕತ್ತಲಾಗಿದ್ರೆ ಸದ್ಯಕ್ಕೆ ಬಚಾವು. ನಾವು ಹದಿನೈದು ನಿಮಿಷ ಆ ಬಲ್ಬನ್ನೇ ನೋಡ್ತಾ ಕೂತಿದ್ವಿ. ಹತ್ತಲಿಲ್ಲ. ದೀಪ ಹತ್ತದೆ ಇದ್ದಿದ್ದಕ್ಕೆ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿಲ್ಲ.

ಆಮೇಲೆ ಸಿಕ್ಕಿದ್ದು ನನ್ನ ಮೂರನೇ ಸುಳ್ಳು ಟಿಕ್. ಎಡಗಡೆ ಇಂಡಿಕೇಟರ್ ಹಾಕಿದ್ರೆ ಅದು ಮಂಕಾಗಿ ಉರೀತಿತ್ತು, ಜೊತೆಗೆ ಸಂಬಂಧವೇ ಇಲ್ಲದ ಬ್ರೇಕ್ ದೀಪಗಳೂ ಅದರ ತಾಳಕ್ಕೆ ಮಿಣಮಿಣ ಅಂತಿದ್ವು. ಹಳೇ ಲಾರಿಗಳ ಹಿಂದೆ ಹೋಗೋವಾಗ ನೀವು ಇದನ್ನ ನೋಡಿರ್ತೀರಿ, ಬ್ರೇಕ್ ಹಿಡಿದ್ರೆ ಇಂಡಿಕೇಟರೂ ಕಣ್ಣು ಮಿಟುಕಿಸುತ್ತೆ. ದೆವ್ವ ಹೊಕ್ಕಿಲ್ಲ. ಆ ದೀಪದ ಮನೆಗೆ ವಾಪಸ್ ದಾರಿ ಸರಿಯಿಲ್ಲ, ಅಷ್ಟೇ. ಕರೆಂಟಿಗೆ ತನ್ನ ದಾರಿ ಮುಚ್ಚಿದ್ರೆ ಪಕ್ಕದ ಬಲ್ಬಿನ ಒಳಗೆ ಹಿಮ್ಮುಖವಾಗಿ ನುಗ್ಗಿ, ಬಲಗಡೆ ದೀಪದ ದಾರಿ ಹಿಡಿದು ಮನೆಗೆ ಹೋಗುತ್ತೆ. ಹೋಗ್ತಾ ಹೋಗ್ತಾ ಸಿಕ್ಕ ಬಲ್ಬನ್ನೆಲ್ಲ ಸ್ವಲ್ಪ ಸ್ವಲ್ಪ ಹತ್ತಿಸುತ್ತೆ.

ಕಾರಣ ಏನಪ್ಪಾ ಅಂದ್ರೆ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿತ್ತು. ನೋಡೋಕೆ ಕರ್ರಗೆ ಮಿರಮಿರ ಮಿಂಚುತ್ತೆ, ಆದ್ರೆ ಅದು ಪ್ಲಾಸ್ಟಿಕ್ ಪದರ, ಕರೆಂಟು ದಾಟಲ್ಲ. ಅರ್ಥಿಂಗ್ ವೈರಿನ ಲಗ್ ಕೂರೋ ಜಾಗದಲ್ಲಿ ಅದನ್ನ ಬರೀ ಲೋಹ ಕಾಣೋವರೆಗೆ ಕೆರೆದು, ಹಲ್ಲಿರೋ ವಾಷರ್ ಹಾಕಿ, ಬಿಗಿದು, ತುಕ್ಕು ಹಿಡಿಯದ ಹಾಗೆ ಮೇಲೆ ಗ್ರೀಸ್ ಹಚ್ಚಬೇಕು. ಅಷ್ಟು ಚೆಂದದ ಪೇಂಟ್ ಕೆರೆಯೋಕೆ ಮನಸ್ಸು ಬರದೆ ನಾನು ಹಾಗೇ ಬಿಗಿದಿದ್ದೆ. ಬೋಲ್ಟಿನ ಒಂದೆರಡು ಎಳೆ ಮಾತ್ರ ಲೋಹಕ್ಕೆ ತಾಗಿತ್ತು.

ಮಜಾ ಏನು ಗೊತ್ತಾ, ಮಲ್ಟಿಮೀಟರ್ ಇಟ್ಟು ಕಂಟಿನ್ಯುಟಿ ನೋಡಿದ್ರೆ ಬೀಪ್ ಅಂತ ಪಾಸಾಗ್ತಿತ್ತು! ಮೀಟರು ಪರೀಕ್ಷೆಗೆ ಅಂತ ಕಳಿಸೋದು ಚಿಟಿಕೆಯಷ್ಟು ಕರೆಂಟು. ಕಿರಿದಾದ ಓಣಿಯಲ್ಲಿ ಒಬ್ಬ ಮನುಷ್ಯ ಆರಾಮಾಗಿ ನಡೆದುಹೋಗ್ತಾನೆ, ತೇರು ಹೋಗಲ್ಲ. ತೇರು ಹೋಗುತ್ತಾ ಅಂತ ನೋಡಬೇಕಾದ್ರೆ ದೀಪ ಹತ್ತಿಸಿಯೇ ನೋಡಬೇಕು. ಮೀಟರನ್ನ 20 ವೋಲ್ಟ್ ಡಿಸಿಗೆ ತಿರುಗಿಸಿ, ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಡ್ಡಿ ದೀಪದ ಅರ್ಥಿಂಗ್ ತುದಿಗೆ. ದಾರಿ ಸರಿಯಿದ್ರೆ ಸೊನ್ನೆಯ ಹತ್ತಿರ, ಹೆಚ್ಚೆಂದ್ರೆ 0.1, 0.2 ತೋರಿಸಬೇಕು. ನಮ್ಮದು ನಾಲ್ಕು ವೋಲ್ಟಿಗಿಂತ ಹೆಚ್ಚು ತೋರಿಸ್ತು. ಬಲ್ಬಿಗೆ ಸಿಗಬೇಕಾದ 12ರಲ್ಲಿ ಮೂರನೇ ಒಂದು ಪಾಲು ವಾಪಸ್ ದಾರಿಯಲ್ಲೇ ಸೋರಿಹೋಗ್ತಿತ್ತು. ಅರ ತಗೊಂಡು ಪೇಂಟ್ ಕೆರೆದೆ. ಫೋಟೋ ತೆಗೆದೆ. ಟಿಕ್ ಹಾಕಿದೆ.

ವಾಪಸ್ ದಾರಿಯ ಇನ್ನೊಂದು ಸಂಗತಿ ಹೇಳಲೇಬೇಕು. ಎಂಜಿನ್ ಕೂರೋದು ರಬ್ಬರ್ ಮೌಂಟಿಂಗ್ ಮೇಲೆ, ಹಾಗಾಗಿ ಎಂಜಿನ್ನಿಂದ ಚಾಸಿಗೆ ಒಂದು ದಪ್ಪ ಅರ್ಥಿಂಗ್ ಪಟ್ಟಿ ಬೇಕೇ ಬೇಕು. ಅದನ್ನ ಮರೆತರೆ ಸ್ಟಾರ್ಟರಿನ ನೂರಾರು ಆಂಪಿಯರ್ ವಾಪಸ್ ಹೋಗೋಕೆ ಬೇರೆ ಲೋಹ ಹುಡುಕುತ್ತೆ. ಆಕ್ಸಿಲರೇಟರ್ ಕೇಬಲ್ಲು ಸಿಗುತ್ತೆ, ಕ್ಲಚ್ ಕೇಬಲ್ಲು ಸಿಗುತ್ತೆ. ಕೀ ತಿರುಗಿಸಿದಾಗ ಆಕ್ಸಿಲರೇಟರ್ ಕೇಬಲ್ ಕಾದು ಹೊಗೆಯಾಡಿದೆ ಅಂತ ಕಿಟ್ ಕಾರು ಕಟ್ಟುವವರು ಹೇಳಿದ್ರೆ ನಗಬೇಡಿ, ಅದು ಪಟ್ಟಿ ಮರೆತದ್ದರ ಗುರುತು.

ಬೆಸುಗೆ ಹಾಕೋದಾ, ಕ್ರಿಂಪ್ ಮಾಡೋದಾ ಅಂತ ಒಂದು ಚರ್ಚೆ ಇದೆ. ನಾನು ಕ್ರಿಂಪ್ ಪಕ್ಷ. ಬೆಸುಗೆಯ ಸೀಸ ವೈರಿನ ಎಳೆಗಳ ಒಳಗೆ ಹೀರಿಕೊಂಡು ಆ ಜಾಗ ಕಡ್ಡಿಯ ಹಾಗೆ ಗಟ್ಟಿಯಾಗುತ್ತೆ, ನಡುಗುವ ಗಾಡಿಯಲ್ಲಿ ಸರಿಯಾಗಿ ಅದರ ಪಕ್ಕದಲ್ಲೇ ಮುರಿಯುತ್ತೆ. ಹಲ್ಲಿನಲ್ಲಿ ಕಚ್ಚಿ, ತಿರುಚಿ, ಟೇಪು ಸುತ್ತೋ ನಮ್ಮ ಪದ್ಧತಿಗೆ ಎರಡೂ ಪಕ್ಷದಲ್ಲಿ ಜಾಗ ಇಲ್ಲ. ಒಂದು ಬೇಸಿಗೆ ಕಳೆದ್ರೆ ಟೇಪಿನ ಅಂಟು ಕರಗಿ ಜಾರಿಬಿಡುತ್ತೆ.

ಇಷ್ಟೆಲ್ಲ ಆದ ಮೇಲೆ ಸರ್ಕಾರಿ ಪರೀಕ್ಷೆ. ಬ್ರಿಟನ್ನಿನಲ್ಲಿ ಇಂಥ ಒಂಟಿ ಕಾರುಗಳಿಗೆ ಐವಿಎ ಅಂತ ಒಂದು ಪರೀಕ್ಷೆ ಇದೆ, 2009ರಿಂದ ಜಾರಿಯಲ್ಲಿದೆ. ಅದು ಪಾಸಾದ್ರೆ ಮಾತ್ರ ನಂಬರ್ ಪ್ಲೇಟು. ಪರೀಕ್ಷಕರು ಕಾರಿನ ಕೆಳಗೆ, ಮೇಲೆ, ಒಳಗೆಲ್ಲ ನೋಡ್ತಾರೆ. ವೈರ್‌ಗಳು ಎಲ್ಲೂ ಜೋತಾಡಬಾರದು, ಚೂಪಾದ ಅಂಚಿಗೆ ಉಜ್ಜಬಾರದು. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಎಲ್‌ಇಡಿ ಹಾಕಿ ಹಳೇ ಫ್ಲಾಶರ್ ಬಿಟ್ಟರೆ ಹುಚ್ಚು ಹಿಡಿದ ಹಾಗೆ ಬಡಿಯುತ್ತೆ, ಫೇಲ್. ಕೀ ತೆಗೆದ ಮೇಲೂ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಹಜಾರ್ಡ್ ಕೆಲಸ ಮಾಡಬೇಕು. ಹಿಂದೆ ಮಂಜಿಗೆ ಅಂತ ಒಂದು ಕೆಂಪು ಫಾಗ್ ಲೈಟು ಬೇಕು, ಅದು ಬಲಗಡೆ ಅಥವಾ ನಡುವೆ ಇರಬೇಕು. ನಮ್ಮ ಆರ್‌ಟಿಒ ಮೈದಾನದಲ್ಲಿ 8 ಬರೆದು ಲೈಸೆನ್ಸ್ ತಗೊಂಡವನಿಗೆ ಇದೆಲ್ಲ ಬೇರೆ ಲೋಕದ ಮಾತು.

ಪರೀಕ್ಷೆ ಹೊತ್ತಿಗೆ ನಾನು ಬೆಂಗಳೂರಿಗೆ ಬಂದಾಗಿತ್ತು. ಬನಶಂಕರಿಯಲ್ಲಿ ಬಸ್ಸಿಗೆ ಕಾಯ್ತಿದ್ದಾಗ ಅಕ್ಕನ ವಾಯ್ಸ್ ಮೆಸೇಜ್ ಬಂತು. ಮೊದಲ ಸಲ ಫೇಲ್. ಎದೆ ಧಸಕ್ ಅಂತು, ಮತ್ತೆ ನನ್ನದೇ ಯಾವುದೋ ಸಾಲು ಅಂತ. ಅಲ್ಲ. ಮುಂದಿನ ಚಕ್ರದ ಹತ್ತಿರ ಒಂದು ಬೋಲ್ಟಿನ ತುದಿ ಹೊರಗೆ ಚಾಚಿತ್ತಂತೆ, ಯಾರಿಗಾದ್ರೂ ತಾಗಿದ್ರೆ ಗೀರುತ್ತೆ ಅಂತ ಬರೆದಿದ್ರು. ಅದಕ್ಕೊಂದು ಪ್ಲಾಸ್ಟಿಕ್ ಟೋಪಿ ಹಾಕಿ ಎರಡನೇ ಸಲ ಹೋದಾಗ ಪಾಸ್. ವೈರಿಂಗ್ ಬಗ್ಗೆ ಪರೀಕ್ಷಕರು ಒಂದು ಮಾತೂ ಬರೆದಿರಲಿಲ್ಲ. ಅಕ್ಕನ ಮೆಸೇಜಿನ ಕೊನೆಯಲ್ಲಿ ಇಷ್ಟಿತ್ತು: ‘ಬೋಲ್ಟ್ ನಂದು ಕಣೋ. ಫೋಟೋ ಕೂಡ ಇದೆ, ಫೋಟೋದಲ್ಲಿ ಟೋಪಿ ಇಲ್ಲ, ನಾನೇ ಸರಿಯಾಗಿ ನೋಡ್ದೆ ಟಿಕ್ ಹಾಕಿದೀನಿ.’ ಹಿನ್ನೆಲೆಯಲ್ಲಿ ಭಾವ ನಗ್ತಿದ್ದದ್ದು ಕೇಳಿಸ್ತು.

ನಿಮ್ಮ ಗಾಡಿಯಲ್ಲೂ ಬ್ರೇಕ್ ಹಿಡಿದ್ರೆ ಇಂಡಿಕೇಟರ್ ಮಿನುಗೋದು, ಹಾರ್ನ್ ಹೊಡೆದ್ರೆ ಹೆಡ್‌ಲೈಟ್ ಮಂಕಾಗೋದು ಇದ್ರೆ ಮೊದಲು ಆ ಅರ್ಥಿಂಗ್ ಬೋಲ್ಟು ಬಿಚ್ಚಿ ನೋಡಿ, ಏನು ಸಿಕ್ತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಬೋಲ್ಟ್ ಬಿಚ್ಚೋ ಮುಂಚೆ ಬ್ಯಾಟರಿ ಮೈನಸ್ ತೆಗೆಯೋದು ಮರೀಬೇಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.